ಗೆಳೆಯರು ಹೇಳಿದ ಪುಸ್ತಕ, ಒಂದು ವರ್ಷದ ಓದು: ಶುರು ಮಾಡುವುದು ಹೇಗೆ?

‘ಏನು ಓದಲಿ? ಒಂದು ಪಟ್ಟಿ ಕೊಡಿ.’ ಡಿಸೆಂಬರ್ ಬಂದರೆ ಸಾಕು, ಓದುಗರಿಂದ ಈ ಮಾತು ಬರುತ್ತಲೇ ಇರುತ್ತದೆ. ಪಟ್ಟಿ ಕೊಡುವುದು ಕಷ್ಟವಲ್ಲ. ಆದರೆ ನೀವು ರಾತ್ರಿ ಓದುತ್ತೀರೋ, ಬಸ್ಸಿನಲ್ಲಿ ಓದುತ್ತೀರೋ, ಯಾವ ವಿಷಯ ಬಂದರೆ ಪುಸ್ತಕ ಮುಚ್ಚಿಡುತ್ತೀರೋ ನನಗೆ ಗೊತ್ತಿಲ್ಲ. ಅದು ಗೊತ್ತಿರುವುದು ನಿಮ್ಮ ಜೊತೆ ಕಾಫಿ ಕುಡಿಯುವವರಿಗೆ, ನಿಮ್ಮ ಕಷ್ಟಸುಖ ಕೇಳುವವರಿಗೆ. ಪುಸ್ತಕ ಹೇಳಬೇಕಾದವರು ಅವರೇ.

ಆದ್ದರಿಂದ ಈ ಸಲ ಪಟ್ಟಿಯ ಬದಲು ಒಂದು ದಾರಿ ಹೇಳುತ್ತೇನೆ. ನಾಲ್ಕೈದು ಜನ ಸೇರುವುದು, ಒಬ್ಬರಿಗೊಬ್ಬರು ಪುಸ್ತಕ ಆರಿಸಿ ಕೊಡುವುದು, ಅದನ್ನೇ ವರ್ಷವಿಡೀ ಓದುವುದು. ನಮ್ಮ ಗುಂಪಿನಲ್ಲಿ ಇದನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇವೆ. ಒಂದು ವರ್ಷ ಏಪ್ರಿಲ್‌ಗೇ ನಿಂತುಹೋಗಿತ್ತು. ಯಾಕೆ ನಿಂತಿತು ಅನ್ನುವುದರಿಂದ ಕಲಿತದ್ದೇ ಇಲ್ಲಿ ಜಾಸ್ತಿ ಇದೆ.

ಇದು ಬುಕ್ ಕ್ಲಬ್ ಅಲ್ಲ. ಬುಕ್ ಕ್ಲಬ್ ಅಂದರೆ ಎಲ್ಲರೂ ಒಂದೇ ಪುಸ್ತಕ ಓದಿ ಬಂದು ಮಾತಾಡುವುದು. ಇಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪುಸ್ತಕ ಇರುತ್ತದೆ, ಅದು ಅವರಿಗೋಸ್ಕರವೇ ಆರಿಸಿದ್ದು.

ಬೇಕಾಗುವುದು ಇಷ್ಟೇ: ಮೂರರಿಂದ ಐದು ಗೆಳೆಯರು, ನೂರು ಪುಟದ ಒಂದು ನೋಟ್‌ಬುಕ್, ಒಂದು ವಾಟ್ಸಾಪ್ ಗುಂಪು, ಗೋಡೆಗೆ ನೇತುಹಾಕುವ ಒಂದು ಕ್ಯಾಲೆಂಡರ್. ಗ್ರಂಥಾಲಯದ ಕಾರ್ಡ್ ಇದ್ದರೆ ಖರ್ಚು ತುಂಬ ಉಳಿಯುತ್ತದೆ.

1. ಮೊದಲು ಜನ, ಆಮೇಲೆ ಪುಸ್ತಕ

ನಿಮ್ಮನ್ನೂ ಸೇರಿಸಿ ನಾಲ್ವರು ಸಾಕು. ಹೆಚ್ಚೆಂದರೆ ಆರು. ಆಫೀಸಿನ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿದರೆ ಇಪ್ಪತ್ತು ಜನ ಹೆಬ್ಬೆರಳು ಎತ್ತುತ್ತಾರೆ, ಫೆಬ್ರವರಿಯಲ್ಲಿ ಮೂರು ಜನ ಉಳಿಯುತ್ತಾರೆ. ಆ ಮೂವರನ್ನು ಮೊದಲೇ ಗುರುತಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ. ಮೆಸೇಜಿಗೆ ‘ಹೂಂ’ ಅನ್ನುವುದಕ್ಕೂ ಮಾತಿನಲ್ಲಿ ‘ಬರ್ತೀನಿ’ ಅನ್ನುವುದಕ್ಕೂ ವ್ಯತ್ಯಾಸವಿದೆ.

ಯಾರನ್ನು ಕರೆಯಬೇಕು? ತುಂಬ ಓದಿದವರೇ ಆಗಬೇಕಿಲ್ಲ. ಕೈಗೆ ಕೊಟ್ಟ ಪುಸ್ತಕವನ್ನು ಬಿಡಿಸಿ ನೋಡುವ ಕುತೂಹಲ ಇದ್ದರೆ ಸಾಕು. ಒಬ್ಬರಾದರೂ ನಿಮಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರು ಅಥವಾ ಚಿಕ್ಕವರು ಇರಲಿ. ಒಂದೇ ವಯಸ್ಸಿನ, ಒಂದೇ ಆಫೀಸಿನ ಐವರು ಸೇರಿದರೆ ಎಲ್ಲರೂ ಅದೇ ಹತ್ತು ಪುಸ್ತಕದ ಸುತ್ತ ತಿರುಗುತ್ತಾರೆ. ನಮ್ಮ ಗುಂಪಿನಲ್ಲಿ ಒಬ್ಬರ ಅತ್ತಿಗೆ ಇದ್ದಾರೆ, ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾವು ಯಾರೂ ಹೆಸರೇ ಕೇಳದ ಹಳೆಯ ಪುಸ್ತಕಗಳು ಅವರಿಂದಲೇ ಬಂದವು.

ಹತ್ತಿರದಲ್ಲಿ ಯಾರೂ ಇಲ್ಲ ಅಂತ ಬರೆಯುವವರಿಗೆ ಒಂದು ಮಾತು. ಶನಿವಾರ ಬೆಳಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ. ಕಬ್ಬನ್ ರೀಡ್ಸ್ ಅನ್ನುವ ಹೆಸರಿನಲ್ಲಿ ಜನ ಚಾಪೆ ಹಾಸಿಕೊಂಡು, ಅವರವರ ಪುಸ್ತಕ ಹಿಡಿದು ಸುಮ್ನೆ ಓದುತ್ತಾ ಕೂತಿರುತ್ತಾರೆ. ನಾಲ್ಕು ವಾರ ಹೋದರೆ ಮುಖ ಪರಿಚಯವಾಗುತ್ತದೆ, ಮಾತೂ ಶುರುವಾಗುತ್ತದೆ.

2. ಲೆಕ್ಕ ಹಾಕಿ

ನಾಲ್ವರಿದ್ದರೆ, ಪ್ರತಿಯೊಬ್ಬರೂ ಉಳಿದ ಮೂವರಿಗೆ ತಲಾ ಮೂರು ಪುಸ್ತಕ ಹೇಳಬೇಕು. ಆಗ ಒಬ್ಬರಿಗೆ ವರ್ಷಕ್ಕೆ ಒಂಬತ್ತು ಪುಸ್ತಕ ಬರುತ್ತದೆ, ಮೂರು ತಿಂಗಳು ಖಾಲಿ ಉಳಿಯುತ್ತದೆ. ಆರು ಜನ ಇದ್ದರೆ ಐವರಿಗೆ ತಲಾ ಎರಡು. ಆಗ ಹತ್ತು ಪುಸ್ತಕ, ಎರಡು ತಿಂಗಳು ಖಾಲಿ.

ಖಾಲಿ ತಿಂಗಳನ್ನು ತುಂಬಿಸಲು ಹೋಗಬೇಡಿ. ಹನ್ನೆರಡು ತಿಂಗಳಿಗೆ ಹನ್ನೆರಡು ಪುಸ್ತಕ ಅಂತ ಬಿಗಿಯಾಗಿ ಕಟ್ಟಿದರೆ, ಒಮ್ಮೆ ಜ್ವರ ಬಂದರೆ ಅಥವಾ ಮನೆಯಲ್ಲಿ ಮದುವೆ ಬಂದರೆ ಹಿಂದೆ ಬೀಳುತ್ತೀರಿ. ಹಿಂದೆ ಬಿದ್ದವರು ನಾಚಿಕೆಯಿಂದ ಗುಂಪಿನಲ್ಲಿ ಮಾತು ನಿಲ್ಲಿಸುತ್ತಾರೆ. ನಮ್ಮದು ಏಪ್ರಿಲ್‌ನಲ್ಲಿ ನಿಂತದ್ದು ಹೀಗೆಯೇ.

ನಿಮ್ಮ ಓದಿನ ವೇಗವನ್ನೂ ಒಮ್ಮೆ ಅಳೆದು ನೋಡಿ. ಫೋನ್ ದೂರ ಇಟ್ಟು ಹದಿನೈದು ನಿಮಿಷ ಓದಿ, ಪುಟ ಎಣಿಸಿ. ಆರು ಪುಟ ಬಂತು ಅಂದುಕೊಳ್ಳಿ. ದಿನಕ್ಕೆ ಅರ್ಧ ಗಂಟೆ ಓದಿದರೆ ಹನ್ನೆರಡು ಪುಟ, ತಿಂಗಳಲ್ಲಿ 25 ದಿನ ಓದಿದರೆ 300 ಪುಟ. ಅಂದರೆ ಒಂದು ಸಾಧಾರಣ ಕಾದಂಬರಿ. ‘ಟೈಮೇ ಇಲ್ಲ’ ಅನ್ನುತ್ತಿದ್ದ ಎಷ್ಟೋ ಜನ ಈ ಲೆಕ್ಕ ನೋಡಿಯೇ ಗುಂಪಿಗೆ ಬಂದಿದ್ದಾರೆ.

3. ಓದಿನ ಚೀಟಿ ಬರೆಯಿರಿ

ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ. ಪುಸ್ತಕ ಹೇಳುವ ಮೊದಲು ಪ್ರತಿಯೊಬ್ಬರೂ ತಮ್ಮ ಬಗ್ಗೆ ಐದು ಸಾಲು ಬರೆದು ಗುಂಪಿಗೆ ಹಾಕಬೇಕು. ಇಷ್ಟವಾದದ್ದು ಏನು, ಅರ್ಧಕ್ಕೆ ಬಿಟ್ಟದ್ದು ಯಾವುದು ಮತ್ತು ಯಾಕೆ, ಈ ವರ್ಷ ಬೇಡವಾದ ವಿಷಯ ಯಾವುದು, ಓದುವ ಹೊತ್ತು ಮತ್ತು ಜಾಗ ಯಾವುದು, ಯಾವ ಭಾಷೆ ಎಷ್ಟು ಸಲೀಸು.

ಒಂದು ಚೀಟಿ ಹೀಗಿರಬಹುದು:

‘ಇಷ್ಟ: ಊರು, ಅಜ್ಜಿ ಮನೆ, ಅಡುಗೆ ಇರುವ ಕಥೆಗಳು. ಪತ್ತೇದಾರಿಯೂ ಓಕೆ. ಬಿಟ್ಟದ್ದು: ಒಂದು ಐತಿಹಾಸಿಕ ಕಾದಂಬರಿ. ರಾಜರ ಹೆಸರೆಲ್ಲ ಒಂದೇ ಥರ ಕಂಡು ಗೊಂದಲವಾಯ್ತು. ಬೇಡ: ಆಸ್ಪತ್ರೆಯ ಕಥೆ. ಅಪ್ಪನ ಚಿಕಿತ್ಸೆ ನಡೀತಿದೆ. ಹೊತ್ತು: ವೈಟ್‌ಫೀಲ್ಡ್ ಕಡೆ ಹೋಗುವಾಗ ಮೆಟ್ರೋದಲ್ಲಿ 40 ನಿಮಿಷ ಸೀಟು ಸಿಗುತ್ತೆ. ಬರುವಾಗ ನಿಂತಿರ್ತೀನಿ, ದಪ್ಪ ಪುಸ್ತಕ ಹಿಡಿಯೋಕಾಗಲ್ಲ. ಭಾಷೆ: ಕನ್ನಡ ಓದ್ತೀನಿ, ಆದ್ರೆ ನಿಧಾನ.’

ಇಷ್ಟು ಓದಿದರೆ ಸಾಕು, ನಿಮ್ಮ ತಲೆಯಲ್ಲಿ ಒಂದೆರಡು ಪುಸ್ತಕ ತಾನಾಗಿಯೇ ಬರುತ್ತದೆ, ಅಲ್ವಾ? ಅದಕ್ಕಿಂತ ಮುಖ್ಯವಾಗಿ, ಕೊಡಬಾರದ ಪುಸ್ತಕ ಯಾವುದು ಅಂತ ಗೊತ್ತಾಗುತ್ತದೆ.

‘ಬಿಟ್ಟದ್ದು’ ಅನ್ನುವ ಸಾಲಿಗೆ ಜನ ಹಿಂಜರಿಯುತ್ತಾರೆ. ಎಲ್ಲರೂ ಹೊಗಳುವ ಪುಸ್ತಕವನ್ನು ಬಿಟ್ಟೆ ಅಂತ ಬರೆಯಲು ಸಂಕೋಚ. ಮೊದಲು ನೀವೇ ಬರೆದು ತೋರಿಸಿ, ಉಳಿದವರಿಗೂ ಧೈರ್ಯ ಬರುತ್ತದೆ. ಇಷ್ಟವಾದ ಪುಸ್ತಕದಿಂದ ಗೊತ್ತಾಗದ್ದು ಬಿಟ್ಟ ಪುಸ್ತಕದಿಂದ ಗೊತ್ತಾಗುತ್ತದೆ.

‘ಬೇಡ’ ಅನ್ನುವ ಸಾಲಿಗೆ ಯಾರೂ ಕಾರಣ ಕೊಡಬೇಕಿಲ್ಲ. ಕೇಳಲೂಬಾರದು.

ಗುಂಪಿನಲ್ಲಿ ಓಡಾಡುವ ಕೆಲವು ಮಾತುಗಳ ಅರ್ಥ ಇಲ್ಲೇ ಹೇಳಿಬಿಡುತ್ತೇನೆ. ‘ಟಿಬಿಆರ್’ ಅಂದರೆ ಮುಂದೆ ಓದಬೇಕು ಅಂತ ಎತ್ತಿಟ್ಟ ಪುಸ್ತಕಗಳ ರಾಶಿ. ‘ಡಿಎನ್ಎಫ್’ ಅಂದರೆ ಮುಗಿಸದೆ ಬಿಟ್ಟದ್ದು. ‘ಸ್ಪಾಯ್ಲರ್’ ಅಂದರೆ ಕಥೆಯ ಗುಟ್ಟನ್ನು ಮೊದಲೇ ಒಡೆಯುವುದು. ಇನ್ನು ‘ನೀಳ್ಗತೆ’ ಅಂದರೆ ಸಣ್ಣಕಥೆಗಿಂತ ಉದ್ದ, ಕಾದಂಬರಿಗಿಂತ ಚಿಕ್ಕದು. ಎರಡು ಮೂರು ದಿನದ ಓದು. ‘ಲಲಿತ ಪ್ರಬಂಧ’ ಅಂದರೆ ಹರಟೆಯ ಧಾಟಿಯಲ್ಲಿ ಒಂದು ವಿಷಯದ ಸುತ್ತ ಬರೆದದ್ದು. ಓದು ಬಿಟ್ಟುಹೋದವರನ್ನು ಮತ್ತೆ ಓದಿಗೆ ಎಳೆಯಲು ಇವೆರಡೂ ಒಳ್ಳೆಯವು.

4. ಒಬ್ಬರಿಗೆ ಒಂದು, ಮೂರೇ ಸಾಲಿನಲ್ಲಿ

ಈಗ ಪುಸ್ತಕ ಹೇಳುವ ಕೆಲಸ. ಇದಕ್ಕೆ ಎರಡು ವಾರ ತೆಗೆದುಕೊಳ್ಳಿ. ಒಂದೇ ಸಂಜೆ ಕೂತು ಒಂಬತ್ತು ಹೆಸರು ಬರೆದರೆ ನಿಮಗಿಷ್ಟವಾದ ಒಂಬತ್ತು ಬರುತ್ತದೆ, ಅವರಿಗೆ ಬೇಕಾದ ಒಂಬತ್ತು ಬರುವುದಿಲ್ಲ.

ನೀವೇ ಪೂರ್ತಿ ಓದಿದ ಪುಸ್ತಕವನ್ನು ಮಾತ್ರ ಹೇಳಿ. ‘ಚೆನ್ನಾಗಿದೆಯಂತೆ’ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಒಬ್ಬರಿಗೆ ಹೇಳಿದ್ದನ್ನು ಅದೇ ಮಾತಿನಲ್ಲಿ ಇನ್ನೊಬ್ಬರಿಗೆ ಕಾಪಿ ಮಾಡಬೇಡಿ. ಬರೆಯುವುದು ಮೂರು ಸಾಲು: ಪುಸ್ತಕ ಏನು, ಅವರಿಗೇ ಯಾಕೆ, ಎಲ್ಲಿ ತೊಡರಬಹುದು.

ಎಲ್ಲರಿಗೂ ಗೊತ್ತಿರುವ ಪುಸ್ತಕವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ತೇಜಸ್ವಿಯವರ ‘ಕರ್ವಾಲೊ’, 1980ರದು. ಸಾಮಾನ್ಯವಾಗಿ ನಾವು ಹೇಳುವುದು ಹೀಗೆ: ‘ಕರ್ವಾಲೊ ಓದಿಲ್ವಾ? ಓದಲೇಬೇಕು ಮಾರಾಯ. ಸೂಪರ್!’ ಇದರಲ್ಲಿ ಓದುವವನಿಗೆ ಏನೂ ಸಿಗಲಿಲ್ಲ, ಇನ್ನೂ ಓದಿಲ್ಲವಲ್ಲ ಅನ್ನುವ ಮುಜುಗರ ಬಿಟ್ಟರೆ. ಅದನ್ನೇ ಹೀಗೆ ಬರೆದು ನೋಡಿ:

‘ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಕಥೆ. ನೀನು ಟೆರೇಸಿನಲ್ಲಿ ಕಂಡ ಹಕ್ಕಿ, ಹಲ್ಲಿ ಎಲ್ಲದರ ಫೋಟೊ ಕಳಿಸ್ತಿದ್ದೆಯಲ್ಲ, ಅದಕ್ಕೇ ಇದು ನೆನಪಾಯ್ತು. ಮೊದಮೊದಲು ಜೇನು, ಮಂದಣ್ಣನ ಮದುವೆ ಅಂತ ಕಥೆ ಬೇರೆಲ್ಲೋ ಸುತ್ತಿದ ಹಾಗೆ ಅನ್ನಿಸುತ್ತೆ, ಅಲ್ಲಿ ಕೆಳಗಿಡಬೇಡ.’

ಎರಡನೇ ಸಾಲು ನೋಡಿ. ಅದನ್ನು ಬರೆಯಲು ಆ ಗೆಳೆಯನನ್ನು ಇಷ್ಟು ದಿನ ಗಮನಿಸಿರಬೇಕು. ಆ ಸಾಲು ಸಿಕ್ಕದಿದ್ದರೆ ಪುಸ್ತಕ ಬದಲಿಸಿ. ಪುಸ್ತಕ ಎಷ್ಟೇ ದೊಡ್ಡದಿರಲಿ, ‘ನಿನಗೇ ಯಾಕೆ’ ಅಂತ ಹೇಳಲಾಗದಿದ್ದರೆ ಅದು ಆ ಮನುಷ್ಯನಿಗೆ ಅಲ್ಲ.

ಇಲ್ಲಿ ನಾನೇ ಮಾಡಿದ ಒಂದು ತಪ್ಪು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದ ಕಾದಂಬರಿ, ಏಳುನೂರು ಪುಟ ದಾಟುತ್ತದೆ. ನನಗೆ ಅದರ ಮೇಲೆ ಅಷ್ಟು ಪ್ರೀತಿ. ಆರು ತಿಂಗಳ ಮಗು ಇದ್ದ ಗೆಳತಿಗೆ ಅದನ್ನೇ ಕೊಟ್ಟೆ. ವರ್ಷದ ಕೊನೆಗೆ ಪುಸ್ತಕ ಹಾಗೇ ಬಂತು. ನಲವತ್ತನೇ ಪುಟದಲ್ಲಿ ಬಿಎಂಟಿಸಿ ಟಿಕೆಟ್ ಒಂದು ಸಿಕ್ಕಿಸಿತ್ತು, ರಟ್ಟಿನ ಮೇಲೆ ಹಾಲಿನ ಕಲೆ. ಅವಳು ಕ್ಷಮೆ ಕೇಳಿದಳು. ಕೇಳಬೇಕಾಗಿದ್ದವನು ನಾನು. ನನ್ನ ಪ್ರೀತಿಯ ಪುಸ್ತಕ ನೋಡಿದ್ದೆ, ಅವಳ ದಿನ ಹೇಗಿದೆ ಅಂತ ನೋಡಿರಲಿಲ್ಲ.

ಹಾಗಂತ ಪುಟದ ಲೆಕ್ಕವೊಂದನ್ನೇ ನಂಬಲೂ ಆಗುವುದಿಲ್ಲ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ತೆಳ್ಳಗಿನ ಪುಸ್ತಕ. ಆದರೆ ಅದು ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಆ ಮಾತು ಕಿವಿಗೆ ಬೀಳದವರಿಗೆ ನೂರು ಪುಟಕ್ಕೆ ಮೂರು ವಾರ ಬೇಕಾಗಬಹುದು. ‘ಜೋರಾಗಿ ಓದು, ಆಗ ಹಿಡಿತಕ್ಕೆ ಸಿಗುತ್ತೆ’ ಅಂತ ಮೂರನೇ ಸಾಲಿನಲ್ಲಿ ಹೇಳಿ ಕೊಟ್ಟರೆ ಅದೇ ಪುಸ್ತಕ ಹಬ್ಬವಾಗುತ್ತದೆ.

ಕನ್ನಡ ಪುಸ್ತಕದಲ್ಲಿ ಇನ್ನೊಂದು ತೊಡಕು, ಮುನ್ನುಡಿ. ಹಿರಿಯರು ಬರೆದ ಉದ್ದನೆಯ ಮುನ್ನುಡಿಯಲ್ಲಿ ಎಷ್ಟೋ ಸಲ ಇಡೀ ಕಥೆಯೇ ಬಂದುಬಿಡುತ್ತದೆ, ಕೊನೆಯೂ ಸೇರಿ. ‘ಮುನ್ನುಡಿ ಆಮೇಲೆ ಓದು’ ಅಂತ ತಪ್ಪದೆ ಹೇಳಿ. ಬೆನ್ನುಡಿಗೂ ಅದೇ ಮಾತು.

ಬೆಂಗಳೂರಿನಲ್ಲಿ ಬೆಳೆದು, ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಇಂಗ್ಲಿಷ್‌ನಲ್ಲೇ ಓದಿದ ಗೆಳೆಯರು ನಿಮಗೂ ಇರುತ್ತಾರೆ. ಇವರಿಗೆ ಕಾದಂಬರಿ ಬೇಡ. ಹತ್ತು ಪುಟದೊಳಗಿನ ಕಥೆಗಳ ಸಂಕಲನ ಕೊಡಿ, ಅದರಲ್ಲೂ ‘ಇದೊಂದು ಕಥೆ ಮೊದಲು ಓದು’ ಅಂತ ಪುಟದ ಸಂಖ್ಯೆ ಬರೆದು ಕೊಡಿ. ಒಂದು ಕಥೆ ಮುಗಿಸಿದ ಖುಷಿಯೇ ಮುಂದಿನದಕ್ಕೆ ಕರೆದೊಯ್ಯುತ್ತದೆ. ಕೇಳುಪುಸ್ತಕವೂ ಒಳ್ಳೆಯ ದಾರಿ. ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕ ಎರಡೂ ಸಿಗುತ್ತವೆ. ಕೇಳುತ್ತಾ ಅಚ್ಚಿನ ಪುಸ್ತಕದ ಮೇಲೆ ಕಣ್ಣಾಡಿಸಿದರೆ ಓದಿನ ವೇಗ ತಿಂಗಳೊಳಗೆ ಹೆಚ್ಚುವುದನ್ನು ನಾನೇ ಕಂಡಿದ್ದೇನೆ.

ಮನೆಮಾತು ತಮಿಳೋ ತೆಲುಗೋ ಮಲಯಾಳವೋ ಆಗಿರುವ ಗೆಳೆಯರಿದ್ದರೆ ಅನುವಾದಗಳನ್ನು ಹುಡುಕಿ. ಸಾಹಿತ್ಯ ಅಕಾಡೆಮಿ ಮತ್ತು ನ್ಯಾಷನಲ್ ಬುಕ್ ಟ್ರಸ್ಟ್ ಒಂದು ಭಾರತೀಯ ಭಾಷೆಯಿಂದ ಇನ್ನೊಂದಕ್ಕೆ ಬಂದ ಪುಸ್ತಕಗಳನ್ನು ಕಡಿಮೆ ಬೆಲೆಗೆ ಕೊಡುತ್ತವೆ. ಅವರು ತಮ್ಮ ಭಾಷೆಯಲ್ಲಿ, ನೀವು ಕನ್ನಡದಲ್ಲಿ ಅದೇ ಪುಸ್ತಕ ಓದಿ ಮಾತಾಡುವ ಸುಖವೇ ಬೇರೆ.

5. ಕ್ಯಾಲೆಂಡರಿನಲ್ಲಿ ಕೂರಿಸಿ

ಬಂದ ಒಂಬತ್ತೋ ಹತ್ತೋ ಪುಸ್ತಕವನ್ನು ನೀವೇ ತಿಂಗಳುಗಳಿಗೆ ಹಂಚಿಕೊಳ್ಳಿ. ಯಾವ ತಿಂಗಳು ಯಾವುದು ಅನ್ನುವುದು ಓದುವವರ ಇಷ್ಟ, ಹೇಳಿದವರದ್ದಲ್ಲ.

ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ, ಬ್ಯಾಂಕು ಮತ್ತು ಲೆಕ್ಕಪತ್ರದ ಕೆಲಸದವರಿಗೆ ವರ್ಷಾಂತ್ಯ. ಆಗ ತೆಳ್ಳಗಿನದು ಇರಲಿ, ಇಲ್ಲವೇ ಖಾಲಿ ಬಿಡಿ. ಏಪ್ರಿಲ್-ಮೇ ರಜೆಯಲ್ಲಿ ಊರಿಗೆ ಹೋಗುವವರಿಗೆ ದಪ್ಪ ಪುಸ್ತಕ ಸರಿ. ಗೌರಿ-ಗಣೇಶದಿಂದ ದಸರಾವರೆಗೆ ಮನೆ ತುಂಬ ಜನ, ಆಗ ಕಥೆ ಅಥವಾ ಪ್ರಬಂಧ. ನಾಲ್ಕುನೂರು ಪುಟ ದಾಟಿದ್ದಕ್ಕೆ ಎರಡು ತಿಂಗಳು ಬರೆದುಬಿಡಿ. ದುಃಖದ ಎರಡು ಪುಸ್ತಕವನ್ನು ಒಂದರ ಹಿಂದೆ ಒಂದು ಇಡಬೇಡಿ.

6. ಪುಸ್ತಕ ಎಲ್ಲಿ ಸಿಗುತ್ತದೆ?

ಕೇಳುವ ಮೊದಲ ಜಾಗ ಗೆಳೆಯರ ಕಪಾಟು. ಹೇಳಿದವರ ಹತ್ತಿರ ಪ್ರತಿ ಇದ್ದರೆ ಖರೀದಿಯ ಮಾತೇ ಇಲ್ಲ.

ಎರಡನೆಯದು ಗ್ರಂಥಾಲಯ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡವನ್ನು ಫೋಟೊ ತೆಗೆದವರು ಸಾವಿರಾರು, ಒಳಗೆ ಹೋದವರು ಕಡಿಮೆ. ಅದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅಲ್ಲಿರುವುದು ರಾಜ್ಯ ಕೇಂದ್ರ ಗ್ರಂಥಾಲಯ. ನಿಮ್ಮ ಬಡಾವಣೆಯಲ್ಲೂ ಒಂದು ಶಾಖೆ ಇರುವ ಸಾಧ್ಯತೆ ಜಾಸ್ತಿ. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ, ಆದ್ದರಿಂದ ಅದು ನಮ್ಮದೇ. ವಿಳಾಸದ ದಾಖಲೆ, ಫೋಟೊ ತೆಗೆದುಕೊಂಡು ಹೋಗಿ ಸದಸ್ಯರಾಗಿ. ಬಸವನಗುಡಿಯ ಸುತ್ತ ಇರುವವರಿಗೆ ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯವೂ ಇದೆ, 1945ರಿಂದ ನಡೆದು ಬಂದ ಸಂಸ್ಥೆ.

ಕೊಳ್ಳುವುದಾದರೆ, ಕನ್ನಡಕ್ಕೆ ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ನವಕರ್ನಾಟಕದ ಮಳಿಗೆಗಳು. ಅಂಗಡಿಯಲ್ಲಿ ಹೆಸರು ಪೂರ್ತಿ ನೆನಪಿಲ್ಲದಿದ್ದರೂ ಲೇಖಕರ ಹೆಸರು, ಕಥೆಯ ಎಳೆ ಹೇಳಿ ನೋಡಿ. ಹಳಬರು ನಿಂತಲ್ಲೇ ತೆಗೆದುಕೊಡುತ್ತಾರೆ. ನವೆಂಬರ್ ಬಂದರೆ ರಾಜ್ಯೋತ್ಸವದ ರಿಯಾಯಿತಿ. ಕನ್ನಡ ಪುಸ್ತಕ ಪ್ರಾಧಿಕಾರವೂ ಪ್ರಕಾಶಕರೂ ಆಗ ಬೆಲೆ ಇಳಿಸುತ್ತಾರೆ. ಮುಂದಿನ ವರ್ಷಕ್ಕೆ ಬೇಕಾದದ್ದನ್ನು ಆಗಲೇ ಕೊಂಡಿಡಿ.

ಹಳೆ ಪುಸ್ತಕಕ್ಕೆ ಚರ್ಚ್ ಸ್ಟ್ರೀಟ್. ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಹೊಸದರ ಜೊತೆ ಬಳಸಿದ ಪುಸ್ತಕಗಳಿವೆ. ಬ್ರಿಗೇಡ್ ರಸ್ತೆಯ ಒಳಸಂದಿಯಲ್ಲಿರುವ ಸೆಲೆಕ್ಟ್ 1945ರ ಅಂಗಡಿ, ಅಪರೂಪದ್ದು ಬೇಕಿದ್ದರೆ ಅಲ್ಲಿ ಕೇಳಿ. ಅವೆನ್ಯೂ ರಸ್ತೆಯಲ್ಲಿ ಪಠ್ಯಪುಸ್ತಕವೇ ಜಾಸ್ತಿ, ಸಾಹಿತ್ಯ ಸಿಗಬೇಕಾದರೆ ತಾಳ್ಮೆ ಬೇಕು.

ಎಚ್ಚರ ವಹಿಸಬೇಕಾದ ಮೂರು ಜಾಗಗಳಿವೆ. ಒಂದು, ‘ಸಂಗ್ರಹ’ ಅಂತ ಚಿಕ್ಕದಾಗಿ ಅಚ್ಚಾದ ಪ್ರತಿಗಳು. ಸಂಗ್ರಹ ಅಂದರೆ ಕತ್ತರಿಸಿ ಚಿಕ್ಕದು ಮಾಡಿದ್ದು. ಪೂರ್ತಿ ಪುಸ್ತಕ ಅಂದುಕೊಂಡು ತಂದು ಮೋಸಹೋಗುತ್ತೀರಿ. ಒಳಪುಟದಲ್ಲಿ ಪ್ರಕಾಶಕರು, ಮುದ್ರಣದ ವರ್ಷ, ಪುಟದ ಸಂಖ್ಯೆ ನೋಡಿ. ಹಿಂಬದಿಯ ಬಾರ್‌ಕೋಡಿನ ಹತ್ತಿರ ಇರುವ 13 ಅಂಕಿಯ ಐಎಸ್‌ಬಿಎನ್ ಪುಸ್ತಕದ ಗುರುತಿನ ಸಂಖ್ಯೆ. ಅದನ್ನು ಗೆಳೆಯರಿಂದ ತರಿಸಿಕೊಂಡರೆ ಅದೇ ಆವೃತ್ತಿ ಸಿಗುತ್ತದೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಅದು ಇರುವುದಿಲ್ಲ, ಆಗ ರಕ್ಷಾಪುಟದ ಫೋಟೊ ತರಿಸಿಕೊಳ್ಳಿ.

ಎರಡು, ಫುಟ್‌ಪಾತಿನ ನಕಲಿ ಪ್ರತಿ. ಅಕ್ಷರ ಮಸುಕು, ಪುಟ ಓರೆ, ಕಾಗದ ಆಚೆ ಕಾಣುವಷ್ಟು ತೆಳು ಇದ್ದರೆ ಕೆಳಗಿಡಿ. ಬರೆದವರಿಗೆ ಅದರಿಂದ ಒಂದು ರೂಪಾಯಿಯೂ ಹೋಗುವುದಿಲ್ಲ.

ಮೂರು, ವಾಟ್ಸಾಪಿನಲ್ಲಿ ಹರಿದಾಡುವ ಪಿಡಿಎಫ್. ಕನ್ನಡದಲ್ಲಿ ಒಂದು ಪುಸ್ತಕ ಸಾವಿರ ಪ್ರತಿ ಮಾರಾಟವಾಗುವುದೇ ಕಷ್ಟ ಅಂತ ಪ್ರಕಾಶಕರು ಹೇಳುವುದನ್ನು ಕೇಳಿದ್ದೇವೆ. ನೂರು ಜನಕ್ಕೆ ಪಿಡಿಎಫ್ ಹೋದರೆ ಆ ಲೇಖಕರ ಮುಂದಿನ ಪುಸ್ತಕಕ್ಕೇ ಪೆಟ್ಟು. ನಿಮ್ಮ ಗುಂಪಿನಲ್ಲಿ ಇದಕ್ಕೆ ಜಾಗ ಕೊಡಬೇಡಿ. ಪುಕ್ಕಟೆ ಬೇಕಿದ್ದರೆ ನೇರ ದಾರಿಗಳಿವೆ. ಸರ್ಕಾರದ ‘ಕಣಜ’ ಜಾಲತಾಣದಲ್ಲಿ ಓದಲು ಬೇಕಾದಷ್ಟಿದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಇದೆ.

7. ಎರವಲು ಕೊಟ್ಟದ್ದು ವಾಪಸ್ ಬರಬೇಕು

ಪುಸ್ತಕದ ವಿಷಯದಲ್ಲಿ ಎಷ್ಟೋ ಗೆಳೆತನ ಸದ್ದಿಲ್ಲದೆ ತಣ್ಣಗಾಗಿದೆ. ಕೇಳಲು ಸಂಕೋಚ, ಕೊಡಲು ಮರೆವು. ಅದಕ್ಕೇ ನೋಟ್‌ಬುಕ್. ಒಬ್ಬರು ಅದನ್ನು ಇಟ್ಟುಕೊಳ್ಳಲಿ. ತಾರೀಖು, ಪುಸ್ತಕ, ಯಾರಿಂದ ಯಾರಿಗೆ, ವಾಪಸ್ ಬಂದ ದಿನ, ಇಷ್ಟು ಕಾಲಂ ಸಾಕು. ಕೊಡುವಾಗಲೇ ರಟ್ಟು, ಬೈಂಡ್ ಹೇಗಿದೆ ಅಂತ ಒಂದು ಫೋಟೊ ತೆಗೆದು ಗುಂಪಿಗೆ ಹಾಕಿ. ಅನುಮಾನಕ್ಕಲ್ಲ, ನೆನಪಿಗೆ.

ಸಹಿ ಮಾಡಿದ ಪ್ರತಿ, ಅಪ್ಪನೋ ತಾತನೋ ಹೆಸರು ಬರೆದಿಟ್ಟ ಪ್ರತಿ, ಈಗ ಅಚ್ಚಿನಲ್ಲಿ ಇಲ್ಲದ ಪ್ರತಿ, ಇವನ್ನು ಮನೆಯಿಂದ ಆಚೆ ಕಳಿಸಬೇಡಿ. ಕಳೆದುಹೋದರೆ ದುಡ್ಡಿನಿಂದ ಸರಿಹೋಗುವುದಿಲ್ಲ. ಬೇರೆ ಪ್ರತಿ ಸಿಗದಿದ್ದರೆ ಅವರನ್ನೇ ಮನೆಗೆ ಕರೆಯಿರಿ, ಬಂದು ಓದಲಿ.

ಎರವಲು ಪುಸ್ತಕದಲ್ಲಿ ಪೆನ್ನಿನ ಗೆರೆ ಬೇಡ. ಪೆನ್ಸಿಲ್ ಆಗಬಹುದೇ ಅಂತ ಕೇಳಿಕೊಳ್ಳಿ. ನನಗೆ ಗೆಳೆಯರ ಪೆನ್ಸಿಲ್ ಗುರುತು ಅಂದರೆ ಇಷ್ಟ, ಇನ್ನೊಬ್ಬರಿಗೆ ಸಿಟ್ಟು ಬರುತ್ತದೆ. ಶಾಲೆಯಲ್ಲಿ ಹಾಕುತ್ತಿದ್ದೆವಲ್ಲ, ಹಾಗೆ ಕಂದು ಕಾಗದದ ಬೈಂಡ್ ಹಾಕಿಬಿಡಿ. ಮಳೆಗಾಲದಲ್ಲಿ ಬ್ಯಾಗಿನೊಳಗೆ ಇನ್ನೊಂದು ಪ್ಲಾಸ್ಟಿಕ್ ಕವರ್ ಇರಲಿ. ಬೆಂಗಳೂರಿನ ಸಂಜೆ ಮಳೆ ಹೇಳಿ ಬರುವುದಿಲ್ಲ.

ಕೈ ಬದಲಾಯಿಸಲು ಊರಿಡೀ ತಿರುಗಬೇಕಿಲ್ಲ. ಮೆಟ್ರೋದಲ್ಲಿ ಓಡಾಡುವವರಾದರೆ ಮೆಜೆಸ್ಟಿಕ್‌ನಲ್ಲಿ ನೇರಳೆ, ಹಸಿರು ಮಾರ್ಗಗಳು ಸೇರುತ್ತವೆ. ಹಳದಿ ಮಾರ್ಗದವರಿಗೆ ಆರ್.ವಿ. ರಸ್ತೆ ನಿಲ್ದಾಣ. ಹೊರಗೆ ಬರದೆ ಒಳಗೇ ಸಿಕ್ಕು ಕೊಟ್ಟು ಹೋಗಬಹುದು. ಆದರೆ ಮಾತಾಡುತ್ತಾ ನಿಂತುಬಿಡಬೇಡಿ, ಒಳಗಿರಲು ಸಮಯದ ಮಿತಿ ಇದೆ.

8. ತಿಂಗಳಿಗೊಮ್ಮೆ ಒಂದೂವರೆ ಗಂಟೆ

ದಿನ ಬದಲಾಯಿಸಬೇಡಿ. ಕೊನೆಯ ಭಾನುವಾರ ಅಂದರೆ ಕೊನೆಯ ಭಾನುವಾರ. ‘ಎಲ್ಲರಿಗೂ ಆಗುವ ದಿನ ನೋಡೋಣ’ ಅಂದ ಗುಂಪು ಎರಡು ತಿಂಗಳು ಸೇರುವುದಿಲ್ಲ. ಇಬ್ಬರು ಬಂದರೂ ನಡೆಸಿ.

ದರ್ಶಿನಿಗಳು ಇದಕ್ಕೆ ಆಗುವುದಿಲ್ಲ. ಅಲ್ಲಿ ನಿಂತು ತಿಂದು ಹೊರಡಬೇಕು, ಹಿಂದೆ ತಟ್ಟೆ ಹಿಡಿದು ಕಾಯುತ್ತಿರುತ್ತಾರೆ. ತಿಂಡಿ ಅಲ್ಲಿ ಮುಗಿಸಿ, ಬೆಳಗ್ಗೆ ಎಂಟಕ್ಕೆ ಲಾಲ್‌ಬಾಗಿಗೋ ಕಬ್ಬನ್ ಪಾರ್ಕಿಗೋ ಹೋಗಿ. ಮಳೆಗಾಲದಲ್ಲಿ ಸರದಿಯಂತೆ ಒಬ್ಬೊಬ್ಬರ ಮನೆ. ಮನೆಯವರು ಹತ್ತು ಬಗೆ ತಿಂಡಿ ಮಾಡಲು ಹೊರಟರೆ ತಡೆಯಿರಿ, ಕಾಫಿ ಸಾಕು.

‘ಹೇಗಿತ್ತು?’ ಅಂತ ಕೇಳಿದರೆ ‘ಚೆನ್ನಾಗಿತ್ತು’ ಅನ್ನುವ ಉತ್ತರ ಬಂದು ಮಾತು ಮುಗಿಯುತ್ತದೆ. ‘ಎಲ್ಲಿ ಓದು ನಿಂತಿತು? ಯಾವ ಪುಟವನ್ನು ಎರಡನೇ ಸಲ ಓದಿದಿರಿ? ಇದನ್ನು ಓದುವಾಗ ಯಾರು ನೆನಪಾದರು?’ ಅಂತ ಕೇಳಿ. ಮೂರನೇ ಪ್ರಶ್ನೆಗೆ ಬರುವ ಉತ್ತರ ಕೇಳಲೆಂದೇ ನಾನು ಪ್ರತಿ ತಿಂಗಳು ಕಾಯುತ್ತೇನೆ.

ಪುಸ್ತಕ ಹೇಳಿದವರು ಕೊನೆಯಲ್ಲಿ ಮಾತಾಡಲಿ. ಮೊದಲೇ ಅವರು ಅರ್ಥ ಬಿಡಿಸಿ ಹೇಳತೊಡಗಿದರೆ ಓದಿದವರು ತಾವು ಕಂಡದ್ದನ್ನು ನುಂಗಿಕೊಳ್ಳುತ್ತಾರೆ.

9. ಬಿಡುವ ಹಕ್ಕು

ಐವತ್ತು ಪುಟ ಓದಿ. ಇನ್ನೂ ಎಳೆಯದಿದ್ದರೆ ಬಿಡಿ. ನೂರು ಪುಟದ ಪುಸ್ತಕವಾದರೆ ಕಾಲು ಭಾಗ ಸಾಕು. ಬಿಟ್ಟದ್ದನ್ನು ಮುಚ್ಚಿಡಬೇಡಿ. ‘ಇಲ್ಲಿವರೆಗೆ ಓದಿದೆ, ಇದರಿಂದ ಮುಂದೆ ಹೋಗಲಾಗಲಿಲ್ಲ’ ಅಂತ ಹೇಳಿ. ಆ ಪುಸ್ತಕ ಹೇಳಿದ್ದವರು ಒಂದೇ ಮಾತು ಹೇಳಬೇಕು: ‘ಸರಿ, ಬೇರೆ ಕೊಡ್ತೀನಿ.’ ‘ಇನ್ನು ಹತ್ತು ಪುಟ ಓದು, ಆಮೇಲೆ ಚೆನ್ನಾಗಿದೆ’ ಅಂತ ಒತ್ತಾಯ ಮಾಡಬಾರದು.

ನೀವು ಹೇಳಿದ ಪುಸ್ತಕವನ್ನು ಗೆಳೆಯರು ಬಿಟ್ಟರೆ ಮನಸ್ಸಿಗೆ ಚುರುಕ್ಕೆನ್ನುತ್ತದೆ, ನಿಜ. ಆಗ ಅವರ ಚೀಟಿಯನ್ನು ಇನ್ನೊಮ್ಮೆ ತೆಗೆದು ಓದಿ. ನನಗೆ ಹೆಚ್ಚಿನ ಸಲ ಉತ್ತರ ಅಲ್ಲೇ ಸಿಕ್ಕಿದೆ.

ಜೂನ್ ಕೊನೆಗೆ ಒಮ್ಮೆ ಎಲ್ಲರೂ ಚೀಟಿ ತಿದ್ದಿಕೊಳ್ಳಿ. ಆರು ತಿಂಗಳಲ್ಲಿ ಕೆಲಸ ಬದಲಾಗಿರುತ್ತದೆ, ಮನೆ ಬದಲಾಗಿರುತ್ತದೆ, ಜನವರಿಯಲ್ಲಿ ಬೇಡವೆಂದದ್ದು ಈಗ ಬೇಕೆನಿಸಬಹುದು. ಉಳಿದ ಅರ್ಧ ವರ್ಷದ ಪುಸ್ತಕಗಳನ್ನು ಹೊಸ ಚೀಟಿ ನೋಡಿ ಬದಲಿಸಿ. ಹಿಂದೆ ಬಿದ್ದವರ ಬಾಕಿಯನ್ನೂ ಆಗಲೇ ಅಳಿಸಿಬಿಡಿ. ಜುಲೈ ಒಂದರಿಂದ ಎಲ್ಲರೂ ಸಮ.

10. ಡಿಸೆಂಬರಿನ ಕೊನೆಯ ಭಾನುವಾರ

ಎರವಲು ಪುಸ್ತಕಗಳನ್ನೆಲ್ಲ ಅವತ್ತು ತರಬೇಕು. ನೋಟ್‌ಬುಕ್ ತೆರೆದು ಒಂದೊಂದೇ ಸಾಲು ಓದಿ, ವಾಪಸ್ ಬಂದದ್ದಕ್ಕೆ ಗುರುತು ಹಾಕಿ. ಕಳೆದುಹೋದದ್ದಕ್ಕೆ ಹೊಸ ಪ್ರತಿ ಕೊಡುವುದೋ ಬೇಡವೋ ಅನ್ನುವುದು ಕೊಟ್ಟವರ ತೀರ್ಮಾನ, ಅದನ್ನೂ ಅವತ್ತೇ ಮುಗಿಸಿ.

ಆಮೇಲೆ ಪ್ರತಿಯೊಬ್ಬರೂ ವರ್ಷದಲ್ಲಿ ಓದಿದ್ದರಲ್ಲಿ ಒಂದು ಪುಸ್ತಕವನ್ನು ಆರಿಸಿ, ಅದನ್ನು ಹೇಳಿದವರಿಗೆ ಒಂದು ಕಾರ್ಡಿನ ಮೇಲೆ ಮೂರು ಸಾಲು ಬರೆದು ಕೊಡಿ. ಕೈಬರಹದಲ್ಲೇ ಇರಲಿ. ನಮ್ಮ ಅತ್ತಿಗೆಯವರು ಅಂಥ ಕಾರ್ಡುಗಳನ್ನು ಆಯಾ ಪುಸ್ತಕದ ಒಳರಟ್ಟಿಗೆ ಅಂಟಿಸಿ ಇಟ್ಟಿದ್ದಾರೆ.

ಹೊಸ ವರ್ಷಕ್ಕೆ ಯಾರಾದರೂ ಬಿಡುವುದಿದ್ದರೆ ಅವತ್ತೇ ಹೇಳಲಿ, ಹೊಸಬರ ಹೆಸರೂ ಅವತ್ತೇ ಬರಲಿ. ಹೊರಡುವ ಮೊದಲು ಎಲ್ಲರ ಕೈಗೂ ಒಂದೊಂದು ಖಾಲಿ ಚೀಟಿ ಕೊಟ್ಟುಬಿಡಿ. ಜನವರಿ ಐದರೊಳಗೆ ತುಂಬಿಸಿ ಗುಂಪಿಗೆ ಹಾಕಬೇಕು.